ಗಾರ್ಲಿನ್ ಸಿಂಡ್ರೋಮ್: ದವಡೆಯ ಗಡ್ಡೆಯನ್ನು ನೋವು ಬರುವ ಮೊದಲೇ ಪತ್ತೆ ಹಚ್ಚಲು ಸಮಗ್ರ ಮಾರ್ಗದರ್ಶಿ

ದವಡೆಯ ಮೂಳೆಯೊಳಗೆ ಬೆಳೆಯುವ ಕೆರಟೋಸಿಸ್ಟ್ ಎಂಬ ಚೀಲದಂಥ ಗಡ್ಡೆಗೆ ಒಂದು ಕೆಟ್ಟ ಸ್ವಭಾವವಿದೆ. ಬೇರೆ ಗಡ್ಡೆಗಳಂತೆ ಅದು ಮೂಳೆಯನ್ನು ಬೇಗ ಹೊರಕ್ಕೆ ಉಬ್ಬಿಸುವುದಿಲ್ಲ. ಒಳಗಿನ ಮಜ್ಜೆಯ ಜಾಗದಲ್ಲಿ ಹಿಂದಿನಿಂದ ಮುಂದಕ್ಕೆ ಸದ್ದಿಲ್ಲದೆ ಹರಡುತ್ತದೆ. ಕೆನ್ನೆ ಊದಿಕೊಂಡು ಮನೆಯವರು ಗಾಬರಿಯಾಗುವ ಹೊತ್ತಿಗೆ ಬುದ್ಧಿಹಲ್ಲಿನ ಜಾಗದಿಂದ ಕೋರೆಹಲ್ಲಿನವರೆಗೂ ಮೂಳೆ ಟೊಳ್ಳಾಗಿರುವುದುಂಟು. ಗಾರ್ಲಿನ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಇಂಥ ಗಡ್ಡೆಗಳು ಬರುತ್ತವೆ. ಅದೂ ಒಂದಲ್ಲ, ಹಲವು. ಅದೂ ಹೆಚ್ಚಾಗಿ 10ರಿಂದ 20ರ ವಯಸ್ಸಿನಲ್ಲಿ, ಶಾಲೆ ಕಾಲೇಜಿನ ದಿನಗಳಲ್ಲಿ.

ಈ ಕಾಯಿಲೆಯನ್ನು 1960ರಲ್ಲಿ ರಾಬರ್ಟ್ ಗಾರ್ಲಿನ್ ಮತ್ತು ರಾಬರ್ಟ್ ಗೋಲ್ಟ್ಜ್ ಎಂಬ ವೈದ್ಯರು ಒಂದು ಸಿಂಡ್ರೋಮ್ ಆಗಿ ವಿವರಿಸಿದರು. ಪಾಶ್ಚಾತ್ಯ ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಚರ್ಮದ ಕ್ಯಾನ್ಸರಿನ ಹೆಸರೇ ಅಂಟಿಕೊಂಡಿದೆ. ಬಿಳಿ ಚರ್ಮದವರಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ, ಹತ್ತಾರು ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದು ಅದಕ್ಕೆ ಕಾರಣ. ನಮ್ಮಂಥ ಕಂದು ಚರ್ಮದವರಲ್ಲಿ ಅದು ಕಡಿಮೆ, ಬಂದರೂ ತಡ. ಆದ್ದರಿಂದ ನಮ್ಮ ಕಡೆ ಈ ಕಾಯಿಲೆಯ ಮೊದಲ ಸುಳಿವು ಬಹಳ ಸಲ ಸಿಗುವುದು ದವಡೆಯಲ್ಲಿ, ಹಲ್ಲಿನ ವೈದ್ಯರ ಕುರ್ಚಿಯ ಮೇಲೆ. ಹುಬ್ಬಳ್ಳಿಯಲ್ಲಿ ಹಲ್ಲಿನ ವೈದ್ಯನಾಗಿರುವ ನಾನು ಇದನ್ನು ಬರೆಯುತ್ತಿರುವುದು ಕಾಯಿಲೆ ಈಗಾಗಲೇ ಗೊತ್ತಿರುವ ಕುಟುಂಬಗಳಿಗಾಗಿ, ಗದಗ, ಹಾವೇರಿ ಕಡೆಯ ತಾಲ್ಲೂಕುಗಳಲ್ಲಿ ಒಂಟಿಯಾಗಿ ಚಿಕಿತ್ಸಾಲಯ ನಡೆಸುವ ನನ್ನ ಕಿರಿಯ ಸಹೋದ್ಯೋಗಿಗಳಿಗಾಗಿ ಮತ್ತು ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರಿಗಾಗಿ. ನೋವನ್ನು ನಂಬಿ ಕಾಯಬೇಡಿ, ಕ್ಯಾಲೆಂಡರ್ ನೋಡಿ ಪರೀಕ್ಷೆ ಮಾಡಿಸಿ ಎಂಬುದೇ ಇಲ್ಲಿನ ಮುಖ್ಯ ಮಾತು.

ಹಂತ 1: ಮನೆತನದ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಅಜ್ಜ-ಅಜ್ಜಿ, ಅಪ್ಪ-ಅವ್ವ, ಕಾಕಾ, ಅತ್ತೆ, ಸೋದರಮಾವ, ಚಿಗವ್ವ, ಅವರ ಮಕ್ಕಳು ಹೀಗೆ ಮೂರು ತಲೆಮಾರಿನವರನ್ನು ಬರೆಯಿರಿ. ಈ ಕಾಯಿಲೆ ಪ್ರಬಲ ರೀತಿಯಲ್ಲಿ ಹರಿದು ಬರುತ್ತದೆ. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಂಭವ ಶೇ 50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಹೆಚ್ಚಿನವರಲ್ಲಿ ದೋಷ ಇರುವುದು 9ನೇ ಕ್ರೋಮೋಸೋಮಿನ ಮೇಲಿನ ಪಿಟಿಸಿಎಚ್1 ಎಂಬ ಜೀನಿನಲ್ಲಿ. ಕೋಶಗಳು ಬೇಕಾಬಿಟ್ಟಿ ಬೆಳೆಯದಂತೆ ಕಡಿವಾಣ ಹಾಕುವುದು ಅದರ ಕೆಲಸ. ಕೆಲವು ಕುಟುಂಬಗಳಲ್ಲಿ ದೋಷ ಸುಫು ಎಂಬ ಇನ್ನೊಂದು ಜೀನಿನಲ್ಲಿರುತ್ತದೆ. ಅಂಥವರಿಗೆ ದವಡೆಯ ಗಡ್ಡೆ ತೀರ ಅಪರೂಪ, ಆದರೆ ಎಳೆಯ ವಯಸ್ಸಿನಲ್ಲಿ ಮಿದುಳಿನ ಗಡ್ಡೆ ಬರುವ ಅಪಾಯ ಹೆಚ್ಚು.

ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವ ರೂಢಿ ಇದೆ. ಮಗುವಿಗೆ ಯಾವುದೇ ಹುಟ್ಟುಕಾಯಿಲೆ ಕಂಡರೂ ಮೊದಲು ಅದರ ಮೇಲೆ, ಆಮೇಲೆ ಸೊಸೆಯ ಮೇಲೆ ತಪ್ಪು ಹೊರಿಸುತ್ತಾರೆ. ಸಂಬಂಧದಲ್ಲಿ ಮದುವೆಯಾಗುವುದರಿಂದ ಹೆಚ್ಚುವ ಬೇರೆ ಕಾಯಿಲೆಗಳು ಇವೆ, ನಿಜ. ಆದರೆ ಗಾರ್ಲಿನ್ ಸಿಂಡ್ರೋಮ್ ಬರಲು ಒಂದೇ ಕಡೆಯ ಜೀನು ಸಾಕಾದ್ದರಿಂದ ರಕ್ತಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲ. ತಂದೆ-ತಾಯಿ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ದೋಷ ಹುಟ್ಟಿಕೊಳ್ಳುವುದೂ ಉಂಟು. ಯಾರ ತಪ್ಪೂ ಇಲ್ಲ ಎಂಬುದನ್ನು ಮನೆಯವರಿಗೆ ವೈದ್ಯರೇ ಎದುರು ಕೂರಿಸಿಕೊಂಡು ಹೇಳಬೇಕು. ಹಾಗೆ ಹೇಳದಿದ್ದರೆ ಮುಂದಿನ ಪರೀಕ್ಷೆಗೆ ಆ ಮಗುವನ್ನು ಕರೆತರುವ ತಾಯಿಯೇ ಉಳಿಯುವುದಿಲ್ಲ.

ಪಟ್ಟಿ ಬರೆಯುವಾಗ ಕಾಯಿಲೆಯ ಹೆಸರು ಹೇಳಿ ಕೇಳಿದರೆ ಉತ್ತರ ಸಿಗುವುದಿಲ್ಲ. "ಮನೆಯಲ್ಲಿ ಯಾರಿಗಾದರೂ ದವಡೆಯ ಆಪರೇಷನ್ ಆಗಿತ್ತೇ? ಚಿಕ್ಕ ವಯಸ್ಸಿನಲ್ಲೇ ಒಂದೇ ಕಡೆಯ ನಾಲ್ಕೈದು ಹಲ್ಲು ಹೋಗಿತ್ತೇ? ಹುಟ್ಟುವಾಗ ತಲೆ ದೊಡ್ಡದಿದೆ ಎಂದು ಹೇಳಿದ್ದರೇ? ಸೀಳುತುಟಿ ಇತ್ತೇ? ತಲೆಯಲ್ಲಿ ಗಡ್ಡೆಯಾಗಿ ತೀರಿಕೊಂಡ ಮಗು ಇದೆಯೇ?" ಎಂದು ಕೇಳಿ. ಮನೆಯ ಹಿರಿಯ ಹೆಂಗಸರನ್ನು ಕೇಳಿ. ಗಂಡಸರಿಗೆ ನೆನಪಿರದ ಸಂಗತಿಗಳು ಅವರಿಗೆ ಹೆಸರು, ಊರು ಸಮೇತ ನೆನಪಿರುತ್ತವೆ.

ಹಂತ 2: ಅಂಗೈ, ಅಂಗಾಲು ನೋಡಿ

ದುಡ್ಡಿಲ್ಲದೆ, ಯಂತ್ರವಿಲ್ಲದೆ ಮಾಡಬಹುದಾದ ಪರೀಕ್ಷೆ ಇದು. ಗಾರ್ಲಿನ್ ಇರುವ ಬಹುತೇಕ ವಯಸ್ಕರ ಅಂಗೈ ಮತ್ತು ಅಂಗಾಲಿನಲ್ಲಿ 1ರಿಂದ 3 ಮಿ.ಮೀ. ಅಗಲದ ಸಣ್ಣ ಕುಳಿಗಳಿರುತ್ತವೆ. ಒಣಗಿದ ಕೈಯಲ್ಲಿ, ಅದರಲ್ಲೂ ಹೊಲದಲ್ಲಿ ದುಡಿದು ಬಿರುಸಾದ ಕೈಯಲ್ಲಿ ಅವು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಹೀಗೆ ಮಾಡಿ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಎರಡೂ ಕೈಗಳನ್ನು ಹತ್ತು ನಿಮಿಷ ಅದ್ದಿಡಿ. ಸೋಪು ಹಚ್ಚಿ ಮಣ್ಣು ತೊಳೆದು ಬಟ್ಟೆಯಿಂದ ಒತ್ತಿ ಒರೆಸಿ. ಮೊಬೈಲಿನ ಟಾರ್ಚನ್ನು ನೇರವಾಗಿ ಬಿಡದೆ ಅಂಗೈಯ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೀರಿಗೆ ಸುತ್ತಲಿನ ಚರ್ಮ ಬೆಳ್ಳಗೆ ಉಬ್ಬಿಕೊಂಡಿರುತ್ತದೆ. ಕುಳಿಗಳಿದ್ದರೆ ಸೂಜಿಮೊನೆಯಿಂದ ಕಿತ್ತು ತೆಗೆದಂತೆ ಅಂಚು ಕಡಿದಾಗಿ, ತಳ ತುಸು ಕೆಂಪಾಗಿ ಅಥವಾ ಕಪ್ಪಾಗಿ ಕಾಣುತ್ತದೆ.

ಮೂರು ಅಥವಾ ಹೆಚ್ಚು ಕುಳಿಗಳಿದ್ದರೆ ಅದನ್ನು ಈ ಕಾಯಿಲೆಯ ಪ್ರಮುಖ ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತಾರೆ. ಆದರೆ ಕುಳಿಗಳು ಅಂಗೈ ರೇಖೆಗಳ ಒಳಗೆ ಮಾತ್ರ ಇದ್ದರೆ ಅವಸರದ ತೀರ್ಮಾನ ಬೇಡ. ಕಪ್ಪು ಚರ್ಮದವರಲ್ಲಿ ರೇಖೆಗಳಲ್ಲಷ್ಟೇ ಕಾಣಿಸುವ ಬೇರೊಂದು ನಿರುಪದ್ರವಿ ಸ್ಥಿತಿ ಇದೆ. ಚರ್ಮರೋಗ ತಜ್ಞರು ಎರಡನ್ನೂ ಬೇರ್ಪಡಿಸುತ್ತಾರೆ. ಮಕ್ಕಳಲ್ಲಿ ಕುಳಿಗಳು ಕಡಿಮೆ, ವಯಸ್ಸಾದಂತೆ ಹೆಚ್ಚುತ್ತವೆ. ಹೀಗಾಗಿ ಏಳು ವರ್ಷದ ಮಗುವಿನ ಅಂಗೈ ಚೊಕ್ಕಟವಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಹೇಳಲಾಗದು. ಮಗುವಿನ ಜೊತೆ ಬಂದ ಅಪ್ಪ-ಅವ್ವನ ಕೈಗಳನ್ನೂ ನೋಡಿ. ಎಷ್ಟೋ ಸಲ ಗುಟ್ಟು ಅಲ್ಲಿರುತ್ತದೆ.

ಹಂತ 3: ಬಾಯಿಯಲ್ಲಿ ಹಲ್ಲುಗಳ ಲೆಕ್ಕ ಇಡಿ

ಮಕ್ಕಳಲ್ಲಿ ಗಡ್ಡೆ ಮೊದಲು ಕೆಡಿಸುವುದು ಹಲ್ಲು ಹುಟ್ಟುವ ಕ್ರಮವನ್ನು. ಕಾಯಂ ಹಲ್ಲುಗಳಲ್ಲಿ ಮೊದಲ ದವಡೆಹಲ್ಲು 6-7 ವರ್ಷಕ್ಕೆ, ಕೆಳಗಿನ ಕೋರೆಹಲ್ಲು 9-10ಕ್ಕೆ, ಮೇಲಿನ ಕೋರೆಹಲ್ಲು 11-12ಕ್ಕೆ, ಎರಡನೆಯ ದವಡೆಹಲ್ಲು 11ರಿಂದ 13ರ ಹೊತ್ತಿಗೆ ಬರುತ್ತವೆ. ವರ್ಷದ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗಬಹುದು, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಎಡಕ್ಕೂ ಬಲಕ್ಕೂ ಹೊಂದದಿದ್ದಾಗ. ಒಂದು ಕಡೆಯ ಹಲ್ಲು ಬಂದು ಆರು ತಿಂಗಳಾದರೂ ಅದೇ ಹಲ್ಲು ಇನ್ನೊಂದು ಕಡೆ ಬಾರದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. "ತಡವಾಗಿ ಬರುತ್ತದೆ ಬಿಡಿ" ಎಂಬ ಸಮಾಧಾನದ ಮಾತನ್ನು ಗಾರ್ಲಿನ್ ಇರುವ ಮನೆಯಲ್ಲಿ ಯಾರೂ ಒಪ್ಪಬಾರದು.

ಮನೆಯಲ್ಲೇ ಗಮನಿಸಬಹುದಾದ ಇತರ ಸೂಚನೆಗಳೂ ಇವೆ. ಹುಳುಕಿಲ್ಲದ ಹಲ್ಲು ಅಲುಗಾಡುವುದು. ಅಂಟಿಕೊಂಡಿದ್ದ ಎರಡು ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು. ಪೆಟ್ಟು ಬೀಳದೆ ಹಲ್ಲು ಓರೆಯಾಗುವುದು. ಜೋಳದ ರೊಟ್ಟಿ ಅಗಿಯುವಾಗ ಒಂದೇ ಕಡೆ ಭಾರವೆನಿಸುವುದು. ಬಾಯಿಯಲ್ಲಿ ಆಗಾಗ ಉಪ್ಪುಪ್ಪು ಅಥವಾ ಕೆಟ್ಟ ರುಚಿಯ ನೀರು ಒಸರುವುದು. ಕೆಳತುಟಿ ಜೋಮು ಹಿಡಿಯುವುದು. ಇವೆಲ್ಲ ತಡವಾಗಿ ಬರುವ ಸೂಚನೆಗಳು ಎಂಬುದನ್ನು ಮರೆಯಬೇಡಿ. ಇವೊಂದೂ ಇಲ್ಲದೆಯೂ ದವಡೆಯೊಳಗೆ ಎರಡು ಮೂರು ಗಡ್ಡೆಗಳಿರಬಹುದು.

ಹಂತ 4: ಒಪಿಜಿ ಎಕ್ಸ್‌ರೇ, ಎಂಟನೇ ವರ್ಷದಿಂದ ವರ್ಷಕ್ಕೊಮ್ಮೆ

ಇಡೀ ಪತ್ತೆಕಾರ್ಯದ ಬೆನ್ನೆಲುಬು ಇದೇ. ಎರಡೂ ದವಡೆಗಳು, ಎಲ್ಲ ಹಲ್ಲುಗಳು, ಇನ್ನೂ ಹುಟ್ಟದ ಹಲ್ಲಿನ ಮೊಳಕೆಗಳು ಒಂದೇ ಚಿತ್ರದಲ್ಲಿ ಕಾಣುವ ಅಗಲದ ಎಕ್ಸ್‌ರೇಗೆ ಒಪಿಜಿ ಎನ್ನುತ್ತಾರೆ. ಗಾರ್ಲಿನ್ ಇರುವ, ಅಥವಾ ಇರಬಹುದೆಂದು ಬಲವಾದ ಅನುಮಾನವಿರುವ ಮಗುವಿಗೆ ಸುಮಾರು 8 ವರ್ಷದಿಂದ ವರ್ಷಕ್ಕೊಮ್ಮೆ ಒಪಿಜಿ ತೆಗೆಸಬೇಕು ಎಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ಮೊದಲ ಗಡ್ಡೆ ಸಿಕ್ಕ ನಂತರ ಆರು ತಿಂಗಳಿಗೊಮ್ಮೆ. ಎರಡು ವರ್ಷ ಹೊಸ ಗಡ್ಡೆ ಕಾಣದಿದ್ದರೆ ಅಥವಾ 21 ವರ್ಷ ತುಂಬಿದರೆ ಅಂತರವನ್ನು ಹೆಚ್ಚಿಸಬಹುದು.

ಪ್ರತಿ ವರ್ಷ ಎಂದರೆ ಮರೆತುಹೋಗುತ್ತದೆ. ಏಪ್ರಿಲ್-ಮೇ ಸೂಟಿಯಲ್ಲಿ ಒಂದು ವಾರವನ್ನು ಇದಕ್ಕೆಂದೇ ಗೊತ್ತು ಮಾಡಿಕೊಳ್ಳಿ. ಆರು ತಿಂಗಳಿಗೊಮ್ಮೆ ಬೇಕಾದವರಿಗೆ ದಸರಾ ರಜೆ ಇದೆ. ಶಾಲೆಯೂ ತಪ್ಪುವುದಿಲ್ಲ, ಮಗುವಿಗೂ ರೂಢಿಯಾಗುತ್ತದೆ.

ವಿಕಿರಣದ ಭಯ ಸಹಜ, ಮತ್ತು ಈ ಕಾಯಿಲೆಯಲ್ಲಿ ಆ ಎಚ್ಚರ ಬೇಕೇ ಬೇಕು. ಒಂದು ಡಿಜಿಟಲ್ ಒಪಿಜಿಯಿಂದ ತಗಲುವ ವಿಕಿರಣ ನೆಲ, ಗಾಳಿ, ಆಕಾಶದಿಂದ ಕೆಲವು ದಿನಗಳಲ್ಲಿ ಎಲ್ಲರಿಗೂ ತಗಲುವಷ್ಟೇ. ಅದನ್ನು ಬಿಡಬೇಡಿ. ಸಿ.ಟಿ. ಸ್ಕ್ಯಾನ್ ಮತ್ತು ದವಡೆಯ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನಿನ ಪ್ರಮಾಣ ಇದಕ್ಕಿಂತ ಹೆಚ್ಚು. ಅವನ್ನು ವರ್ಷಕ್ಕೊಮ್ಮೆಯ ತಪಾಸಣೆಗೆ ಬಳಸಬಾರದು. ಒಪಿಜಿಯಲ್ಲಿ ಅನುಮಾನ ಬಂದಾಗ, ಶಸ್ತ್ರಚಿಕಿತ್ಸೆಗೆ ನಕ್ಷೆ ಬೇಕಾದಾಗ ಮಾತ್ರ ಸಿಬಿಸಿಟಿ ಸಾಕು. ನೆಗಡಿ, ತಲೆನೋವಿಗೆಲ್ಲ ಸಿ.ಟಿ. ಬರೆದುಕೊಡುವ ಕಡೆ "ಮಗುವಿಗೆ ಗಾರ್ಲಿನ್ ಇದೆ, ಅಗತ್ಯವಿದ್ದರಷ್ಟೇ ಮಾಡಿ, ಎಂಆರ್‌ಐ ಆಗುವುದಾದರೆ ಅದನ್ನೇ ಮಾಡಿ" ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಚಿತ್ರವನ್ನು ಓದುವ ಬಗೆ. ಇದು ಸಹೋದ್ಯೋಗಿಗಳಿಗೆ, ಆದರೆ ಪಾಲಕರೂ ಓದಿಕೊಳ್ಳಿ. ನೋವಿರುವ ಹಲ್ಲನ್ನಷ್ಟೇ ನೋಡಿ ಚಿತ್ರವನ್ನು ಕವರಿಗೆ ಸೇರಿಸುವುದು ನಮ್ಮೆಲ್ಲರ ಅಭ್ಯಾಸ. ಗಡ್ಡೆ ತಪ್ಪಿಸಿಕೊಳ್ಳುವುದು ಅಲ್ಲಿಯೇ. ಚಿತ್ರದ ಒಂದು ತುದಿಯ ಕೀಲಿನಿಂದ ಆರಂಭಿಸಿ ಕೆಳದವಡೆಯ ಬಿಳಿ ಅಂಚಿನ ಮೇಲೆ ಬೆರಳಿಟ್ಟು ಗಲ್ಲದವರೆಗೆ, ಅಲ್ಲಿಂದ ಇನ್ನೊಂದು ಕೀಲಿನವರೆಗೆ ಸಾಗಿ. ಕೆಳದವಡೆಯ ಕೊನೆಯ ಹಲ್ಲಿನ ಹಿಂದಿನ ಜಾಗದಲ್ಲಿ, ಮೂಳೆ ಕಿವಿಯ ಕಡೆಗೆ ಮೇಲೆ ತಿರುಗುವ ಮೂಲೆಯಲ್ಲಿ ನಿಲ್ಲಿ. ಕೆರಟೋಸಿಸ್ಟಿಗೆ ಪ್ರಿಯವಾದ ಜಾಗ ಅದೇ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಇವು ಹೆಚ್ಚು. ತೆಳುವಾದ ಬಿಳಿ ಗೆರೆಯ ಅಂಚಿರುವ, ಒಳಗೆ ಕಪ್ಪಾಗಿ ಕಾಣುವ ಭಾಗವಿದೆಯೇ ನೋಡಿ. ಅಂಚು ಕೆಲವೊಮ್ಮೆ ದುಂಡಗೆ, ಕೆಲವೊಮ್ಮೆ ಅಲೆಅಲೆಯಾಗಿ ಇರುತ್ತದೆ. ನರ ಹಾದುಹೋಗುವ ನಾಳದ ಎರಡು ಸಮಾನಾಂತರ ಗೆರೆಗಳು ಕೆಳಕ್ಕೆ ತಳ್ಳಲ್ಪಟ್ಟಿವೆಯೇ ಎಂಬುದನ್ನೂ ಗಮನಿಸಿ.

ಆಮೇಲೆ ಹಲ್ಲಿನ ಮೊಳಕೆಗಳು. ಹುಟ್ಟದ ಹಲ್ಲಿನ ತಲೆಯ ಸುತ್ತ ತೆಳುವಾದ ಕಪ್ಪು ವರ್ತುಲ ಇರುವುದು ಸಹಜ, ಅದು 2-3 ಮಿ.ಮೀ. ಇರುತ್ತದೆ. 5 ಮಿ.ಮೀ. ಮೀರಿದರೆ, ಅಥವಾ ಎಡದ ವರ್ತುಲ ಬಲದ್ದಕ್ಕಿಂತ ಎದ್ದುಕಾಣುವಷ್ಟು ದೊಡ್ಡದಾಗಿದ್ದರೆ ಸುಮ್ಮನಿರಬೇಡಿ. ಡೆಂಟಿಜೀರಸ್ ಸಿಸ್ಟ್ ಎಂಬ ಸಾಮಾನ್ಯ ಗಡ್ಡೆ ಮತ್ತು ಕೆರಟೋಸಿಸ್ಟ್ ಇಲ್ಲಿ ಅವಳಿಗಳಂತೆ ಕಾಣುತ್ತವೆ, ಚಿತ್ರ ನೋಡಿ ಬೇರ್ಪಡಿಸಲಾಗದು. ಕೊನೆಗೆ ಮೇಲ್ದವಡೆ. ಒಪಿಜಿಯ ದೌರ್ಬಲ್ಯ ಇರುವುದು ಇಲ್ಲಿ. ಮುಂದಿನ ಹಲ್ಲುಗಳ ಮೇಲೆ ಬೆನ್ನುಮೂಳೆಯ ನೆರಳು ಬೀಳುತ್ತದೆ, ಹಿಂದಿನ ಹಲ್ಲುಗಳ ಮೇಲೆ ಸೈನಸ್ಸಿನ ಗಾಳಿಯ ಕಪ್ಪು ಇರುತ್ತದೆ. ಮೇಲಿನ ಕೋರೆಹಲ್ಲಿನ ಹತ್ತಿರ ಸಣ್ಣ ಅನುಮಾನ ಬಂದರೂ ಆ ಜಾಗದ ಚಿಕ್ಕ ಎಕ್ಸ್‌ರೇಯನ್ನು ಬೇರೆಯಾಗಿ ತೆಗೆಯಿರಿ.

ಕಳೆದ ವರ್ಷದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡದೆ ಈ ವರ್ಷದ ಚಿತ್ರಕ್ಕೆ ಅರ್ಧ ಬೆಲೆ ಮಾತ್ರ. ಮೊಬೈಲಿನಲ್ಲಿ ತೆಗೆದ ಫೋಟೊ ಸಾಲದು, ಹೊಳಪಿನಲ್ಲಿ ಅಂಚುಗಳು ಮಾಯವಾಗುತ್ತವೆ. ಮೂಲ ಫಿಲ್ಮ್ ಅಥವಾ ಡಿಜಿಟಲ್ ಕಡತವನ್ನೇ ಕೇಳಿ ಪಡೆಯಿರಿ.

ಹಂತ 5: ಗಡ್ಡೆ ಕಂಡರೆ ಮಾಡಬೇಕಾದ್ದು, ಮಾಡಬಾರದ್ದು

ಹಲ್ಲು ಕೀಳಬೇಡಿ. ರೂಟ್ ಕೆನಾಲ್ ಮಾಡಬೇಡಿ. ಬೇರಿನ ತುದಿಯಲ್ಲಿ ಕಪ್ಪು ಕಂಡ ಕೂಡಲೇ ಸೋಂಕು ಎಂದು ಭಾವಿಸುವುದು ಸುಲಭ. ಆದರೆ ಕೆರಟೋಸಿಸ್ಟಿನ ಪಕ್ಕದ ಹಲ್ಲಿಗೆ ಸಾಮಾನ್ಯವಾಗಿ ಜೀವವಿರುತ್ತದೆ. ಹಲ್ಲಿಗೆ ಮಂಜುಗಡ್ಡೆಯ ಚೂರು ತಾಗಿಸಿ. ಚುರ್ ಎಂದರೆ ನರ ಬದುಕಿದೆ ಎಂದರ್ಥ. ಜೀವವಿರುವ, ಹುಳುಕಿಲ್ಲದ ಹಲ್ಲಿನ ಬಳಿ ಕಪ್ಪು ಇದ್ದರೆ ಕಾರಣ ಬೇರೆಲ್ಲೋ ಇದೆ.

ದಪ್ಪ ಸೂಜಿ ಚುಚ್ಚಿ ಎಳೆದಾಗ ಗಿಣ್ಣಿನಂಥ ಹಳದಿ ಮಿಶ್ರಿತ ಬಿಳಿ ಪದಾರ್ಥ ಬಂದರೆ ಅನುಮಾನ ಬಲವಾಗುತ್ತದೆ. ಖಚಿತವಾಗುವುದು ಬಯಾಪ್ಸಿಯಿಂದ ಮಾತ್ರ. ತೆಗೆದ ತುಣುಕನ್ನು, ಅದು ಎಷ್ಟೇ ಚಿಕ್ಕದಿರಲಿ, ಪ್ಯಾಥಾಲಜಿಗೆ ಕಳಿಸಿ. ಕಳಿಸುವ ಚೀಟಿಯಲ್ಲಿ ವಯಸ್ಸು, ಗಡ್ಡೆಗಳ ಸಂಖ್ಯೆ, ಕುಟುಂಬದ ಸಂಗತಿ ಬರೆಯಿರಿ. ತೆಳುವಾದ, ಸುಮಾರು 6ರಿಂದ 8 ಕೋಶಗಳ ದಪ್ಪದ ಪದರ, ಅಲೆಯಂಥ ಮೇಲ್ಮೈ, ಸಾಲಾಗಿ ನಿಂತ ತಳದ ಕೋಶಗಳು ಕೆರಟೋಸಿಸ್ಟಿನ ಗುರುತು. ಗೋಡೆಯೊಳಗೆ ಮರಿ ಗಡ್ಡೆಗಳು ಕಂಡರೆ ಗಾರ್ಲಿನ್ ಇರುವ ಸಾಧ್ಯತೆ ಹೆಚ್ಚು. ಗಡ್ಡೆ ತೆಗೆದ ಮೇಲೂ ಮರುಕಳಿಸಲು ಅವೂ ಒಂದು ಕಾರಣ.

ಹಂತ 6: ದವಡೆಯಿಂದ ಇಡೀ ದೇಹದ ಕಡೆಗೆ

ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಹದಿಮೂರರ ಹುಡುಗಿ ಮೇಲಿನ ಕೋರೆಹಲ್ಲು ಬಂದಿಲ್ಲವೆಂದು ಬಂದಳು, ಒಪಿಜಿಯಲ್ಲಿ ಎರಡು ಗಡ್ಡೆ ಸಿಕ್ಕವು ಎಂದುಕೊಳ್ಳಿ. ಮನೆಯಲ್ಲಿ ಯಾರಿಗೂ ಕಾಯಿಲೆಯ ಹೆಸರೇ ಗೊತ್ತಿಲ್ಲ. ಗಡ್ಡೆ ತೆಗೆದು ಹೊಲಿಗೆ ಬಿಚ್ಚಿ ಕಳಿಸಿದರೆ ನಮ್ಮ ಕೆಲಸ ಅರ್ಧವಾಯಿತಷ್ಟೇ. 20 ವರ್ಷದೊಳಗಿನ ಯಾರಲ್ಲೇ ಆಗಲಿ ಕೆರಟೋಸಿಸ್ಟ್ ಸಿಕ್ಕರೆ, ಯಾವ ವಯಸ್ಸಿನವರಲ್ಲೇ ಆಗಲಿ ಒಂದಕ್ಕಿಂತ ಹೆಚ್ಚು ಸಿಕ್ಕರೆ ಗಾರ್ಲಿನ್ ಹುಡುಕಲೇಬೇಕು.

ತಲೆಯ ಸುತ್ತಳತೆ ಅಳೆಯಿರಿ, ಅಗಲವಾದ ಹಣೆ ಮತ್ತು ಕಣ್ಣುಗಳ ನಡುವಿನ ಅಂತರ ನೋಡಿ. ಎದೆಯ ಒಂದು ಸಾದಾ ಎಕ್ಸ್‌ರೇ ತೆಗೆಸಿ ಪಕ್ಕೆಲುಬುಗಳ ಮುಂದಿನ ತುದಿ ನೋಡಿ. ಕವಲೊಡೆದ ಅಥವಾ ಒಂದಕ್ಕೊಂದು ಕೂಡಿಕೊಂಡ ಪಕ್ಕೆಲುಬು ಪ್ರಮುಖ ಲಕ್ಷಣ. ಹಳೆಯ ಎಕ್ಸ್‌ರೇ ಇದ್ದರೆ ಹೊಸದು ಬೇಡ, ಅದನ್ನೇ ಮತ್ತೆ ನೋಡಿ. ಮಿದುಳಿನ ಮಧ್ಯದ ಪೊರೆಯಲ್ಲಿ ಸುಣ್ಣ ಕಟ್ಟುವುದೂ ಲಕ್ಷಣವೇ, ಆದರೆ ಅದನ್ನು ಹುಡುಕಲೆಂದೇ ಸಿ.ಟಿ. ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಚರ್ಮರೋಗ ತಜ್ಞರು ಮೈಯೆಲ್ಲ ಪರೀಕ್ಷಿಸಲಿ. ನಮ್ಮ ಬಣ್ಣದಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಕಪ್ಪು ಮಚ್ಚೆಯ ವೇಷದಲ್ಲಿರುತ್ತದೆ. ಹೊಲದಲ್ಲಿ ದುಡಿಯುವವರು ಟೊಪ್ಪಿಗೆ, ತುಂಬುತೋಳಿನ ಅಂಗಿ ಬಿಡಬಾರದು. ಪಿಟಿಸಿಎಚ್1 ಮತ್ತು ಸುಫು ಜೀನುಗಳ ರಕ್ತಪರೀಕ್ಷೆಯನ್ನು ಆನುವಂಶಿಕ ಸಲಹೆಗಾರರ ಮೂಲಕ ಮಾಡಿಸುವುದು ಒಳ್ಳೆಯದು. ಕುಟುಂಬದಲ್ಲಿ ಎಳೆಯ ಮಕ್ಕಳಿದ್ದರೆ ಮಕ್ಕಳ ತಜ್ಞರಿಗೆ ಹೇಳಿ. ಮೆಡುಲ್ಲೋಬ್ಲಾಸ್ಟೋಮ ಎಂಬ ಮಿದುಳಿನ ಗಡ್ಡೆ ಬರುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ.

ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯಬೇಕಾದ ಮಾತೊಂದಿದೆ: ವಿಕಿರಣ ಚಿಕಿತ್ಸೆಯನ್ನು ಆದಷ್ಟು ತಪ್ಪಿಸಬೇಕು. ರೇಡಿಯೇಷನ್ ಕೊಟ್ಟ ಜಾಗದಲ್ಲಿ ಇವರಿಗೆ ಕೆಲವೇ ವರ್ಷಗಳಲ್ಲಿ ಹತ್ತಾರು ಚರ್ಮದ ಕ್ಯಾನ್ಸರ್ ಏಳಬಹುದು.

ಹಂತ 7: ನಮ್ಮ ಭಾಗದಲ್ಲಿ ಎಲ್ಲಿಗೆ ಹೋಗಬೇಕು

ಹುಬ್ಬಳ್ಳಿ-ಧಾರವಾಡ ರಸ್ತೆಯ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಇದೆ. ಬಾಯಿ ರೋಗನಿರ್ಣಯ, ಬಾಯಿ-ದವಡೆ ಶಸ್ತ್ರಚಿಕಿತ್ಸೆ, ಪ್ಯಾಥಾಲಜಿ ಮೂರೂ ವಿಭಾಗಗಳು ಒಂದೇ ಕಡೆ ಸಿಗುವುದು ಇಂಥ ಕಾಯಿಲೆಯಲ್ಲಿ ದೊಡ್ಡ ಅನುಕೂಲ. ಚಿಗರಿ ಬಸ್ಸಿನಲ್ಲಿ ಎರಡೂ ಊರುಗಳಿಂದ ಸುಲಭವಾಗಿ ತಲುಪಬಹುದು. ಚರ್ಮ ಮತ್ತು ಮಕ್ಕಳ ವಿಭಾಗಕ್ಕೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಗದಗ, ಹಾವೇರಿಯವರು ಮೊದಲ ತಪಾಸಣೆ ಮತ್ತು ಎದೆಯ ಎಕ್ಸ್‌ರೇಯನ್ನು ತಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲೇ ಮುಗಿಸಿ, ಅಲ್ಲಿಂದಲೇ ಶಿಫಾರಸು ಪತ್ರ ಬರೆಸಿಕೊಂಡು ಹೊರಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಆ ಪತ್ರ ಬೇಕಾಗಬಹುದು. ರೇಷನ್ ಕಾರ್ಡ್ ಮತ್ತು ಆಧಾರ್ ಕೂಡ ಜೊತೆಗಿರಲಿ. ಒಪಿಜಿ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ತಂಡದವರು ಬಂದಾಗ ನಿಮ್ಮ ಮಗುವಿನ ಮನೆತನದ ಸಂಗತಿಯನ್ನು ಬಾಯಿಬಿಟ್ಟು ಹೇಳಿ. ನೂರು ಮಕ್ಕಳ ನಡುವೆ ಅವರಾಗಿಯೇ ಕಂಡುಹಿಡಿಯಲಿ ಎಂದು ಬಿಡಬೇಡಿ.

ಹಂತ 8: ಆಪರೇಷನ್ ಆದ ಮೇಲೂ ಪರೀಕ್ಷೆ ನಿಲ್ಲಿಸಬೇಡಿ

ಗಡ್ಡೆ ಚಿಕ್ಕದಿದ್ದಾಗ ಸಿಕ್ಕರೆ ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯಬಹುದು. ದೊಡ್ಡದಿದ್ದರೆ ಮೊದಲು ಕಿಂಡಿ ಮಾಡಿ ತಿಂಗಳುಗಟ್ಟಲೆ ತೊಳೆಯುತ್ತ ಅದನ್ನು ಕುಗ್ಗಿಸಿ, ಮೂಳೆ ತುಂಬಿಕೊಂಡ ಮೇಲೆ ಉಳಿದದ್ದನ್ನು ತೆಗೆಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಹಲ್ಲಿನ ಮೊಳಕೆ ಮತ್ತು ನರ ಉಳಿಸಲು ಈ ಎರಡನೆಯ ದಾರಿಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಆದರೆ ಮನೆಯಲ್ಲಿ ದಿನವೂ ಕಿಂಡಿ ತೊಳೆಯುವ ಶ್ರದ್ಧೆಯಿರಬೇಕು, ಅದನ್ನು ತಾಯಿಗೆ ಕೈಯಾರೆ ಕಲಿಸಿಕೊಡಬೇಕು.

ಮರುಕಳಿಕೆ ಹೆಚ್ಚಾಗಿ ಮೊದಲ ಐದು ವರ್ಷಗಳಲ್ಲಿ ಆಗುತ್ತದೆ, ಹತ್ತು ವರ್ಷ ದಾಟಿ ಬಂದದ್ದೂ ಇದೆ. ಗಾರ್ಲಿನ್ ಇರುವವರಲ್ಲಿ ಹಳೆಯ ಜಾಗದಲ್ಲಿ ಮರಳಿದ್ದರ ಜೊತೆಗೆ ಬೇರೆ ಜಾಗದಲ್ಲಿ ಹೊಸದಾಗಿ ಹುಟ್ಟಿದ್ದೂ ಇರುತ್ತದೆ. ಹುಡುಗಿಯರ ವಿಷಯದಲ್ಲಿ ಇದು ಹೆಚ್ಚು ಮುಖ್ಯ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಫೈಲು ತವರುಮನೆಯ ಕಪಾಟಿನಲ್ಲೇ ಉಳಿದುಬಿಡುತ್ತದೆ. ಬಸುರಿದ್ದಾಗ ಎಕ್ಸ್‌ರೇಯನ್ನು ಸಾಮಾನ್ಯವಾಗಿ ಮುಂದೂಡುವುದರಿಂದ ಮಗುವಿಗೆ ಯೋಜಿಸುವ ಮುನ್ನವೇ ಒಂದು ಒಪಿಜಿ ಆಗಿರಲಿ. ದೊಡ್ಡವರಿಗೂ ಆರು ತಿಂಗಳಿಗೊಮ್ಮೆ ಹಲ್ಲಿನ ತಪಾಸಣೆ ಬೇಕು. ಎಕ್ಸ್‌ರೇಯ ಅಂತರವನ್ನು ಅವರವರ ವೈದ್ಯರು ಗೊತ್ತುಮಾಡಲಿ.

ಕುಟುಂಬದ ಜೀನಿನ ದೋಷ ಯಾವುದೆಂದು ರಕ್ತಪರೀಕ್ಷೆಯಲ್ಲಿ ಖಚಿತವಾಗಿದ್ದು, ಮಗುವಿನ ರಕ್ತದಲ್ಲಿ ಅದೇ ದೋಷ ಇಲ್ಲವೆಂದು ಸಾಬೀತಾದರೆ ಆ ಮಗುವಿಗೆ ವರ್ಷಕ್ಕೊಮ್ಮೆಯ ಒಪಿಜಿ ಬೇಡ, ಎಲ್ಲ ಮಕ್ಕಳಂತೆ ಹಲ್ಲಿನ ತಪಾಸಣೆ ಸಾಕು. ಆ ಮಗು ಮುಂದೆ ತನ್ನ ಮಕ್ಕಳಿಗೂ ಇದನ್ನು ದಾಟಿಸುವುದಿಲ್ಲ. ಆ ವರದಿಯ ಒಂದು ಪ್ರತಿಯನ್ನು ಮನೆಯ ಫೈಲಿನಲ್ಲಿ, ಇನ್ನೊಂದನ್ನು ಮಗುವಿನ ಹೆಸರಿನ ಫೈಲಿನಲ್ಲಿ ಇಡಿ.